‘ಇನ್’ ಎಂಬ ಉಪಸರ್ಗ



ಪೆಟ್ರೋಲು ಸಾಗಿಸುವ ದೊಡ್ಡ ಲಾರಿಗಳ ಬೆನ್ನಿನ ಮೇಲೆ ದಪ್ಪಕ್ಷರಗಳಲ್ಲಿ ಬರೆದಿರುವ ‘ಇನ್‌ಫ್ಲ್ಯಾಮಬಲ್’ ಎಂಬ ಇಂಗ್ಲಿಷ್ ಶಬ್ದವನ್ನು ತಾವೆಲ್ಲರೂ ಕಂಡಿರಬಹುದು. ಬೇಗನೆ ಹೊತ್ತಿಕೊಳ್ಳತಕ್ಕದ್ದು ಎಂಬುದು ಅದರ ಅರ್ಥ. ಆದರೆ ‘ಕರೆಕ್ಟ್’ ಎಂದರೆ ಸರಿ, ‘ಇನ್‌ಕರೆಕ್ಟ್’ ಎಂದರೆ ತಪ್ಪು ಎಂಬುದಾಗಿ ಪಾಠಶಾಲೆಯಲ್ಲಿ ಕಲಿತ ಬಾಲಕನು ಆ ಸೂತ್ರವನ್ನು ಇಲ್ಲಿಯೂ ಹಚ್ಚಿ, ಇದು ಹೊತ್ತಿಕೊಳ್ಳದ ವಸ್ತುವೆಂದು ತಿಳಿದನಾದರೆ, ಅವನ ತರ್ಕದಲ್ಲಿ ದೋಷವೇನೂ ಇಲ್ಲ. ವ್ಯಾಕರಣವನ್ನು ಕಲಿತವನೇ ಬೆಂಕಿಗೆ ಬೀಳುವ ಇಂಥ ಸಂದರ್ಭವು ವಿಚಿತ್ರವೇ ಸರಿ.

ಇದರ ಮೂಲವನ್ನು ಲ್ಯಾಟಿನ್ ಭಾಷೆಯಲ್ಲಿ ಹುಡುಕಬೇಕು. ಅಲ್ಲಿ ‘ಇನ್’ ಎಂಬ ಒಂದೇ ರೂಪದ ಎರಡು ಬೇರೆ ಶಬ್ದಗಳಿದ್ದುವು. ಒಂದಕ್ಕೆ ‘ಒಳಗೆ’, ‘ಮೇಲೆ’ ಎಂಬ ಅರ್ಥ, ಮತ್ತೊಂದು ನಿಷೇಧಾರ್ಥಕ. ಈ ಎರಡನೆಯದು ನಮಗೆ ತೀರ ಅಪರಿಚಿತವಲ್ಲ. ಅಧರ್ಮ, ಅನಾದಿ ಎಂಬಲ್ಲಿ ಬರುವ ಸಂಸ್ಕೃತದ ‘ಅ’, ‘ಅನ್’ಗಳೂ, ‘ಅನ್‌ಹ್ಯಾಪಿ’ ಎಂಬಲ್ಲಿ ಬರುವ ಇಂಗ್ಲಿಷಿನ ಸ್ವಂತ ಉಪಸರ್ಗವೂ ಅದರ ಒಡಹುಟ್ಟುಗಳೇ. ‘ಇನ್‌ಫ್ಲ್ಯಾಮಬಲ್’ ಎಂಬುದಾದರೋ ಮೊದಲನೆಯ ‘ಇನ್’ನಿಂದ ಕೂಡಿದ, ಉರಿಹತ್ತಿಸು ಎಂಬ ಅರ್ಥದ ಕ್ರಿಯಾಪದದಿಂದ ಹುಟ್ಟಿತು. ಹಾಗೆಯೇ ‘ಇನ್‌ಹ್ಯಾಬಿಟಬಲ್’ ಎಂದರೆ ವಾಸಕ್ಕೆ ಯೋಗ್ಯವಾದದ್ದು. ಅಯೋಗ್ಯವೆನ್ನಬೇಕಾದರೆ ಅದರ ಹಿಂದೆ ಇನ್ನೊಂದು ‘ಅನ್’ ಸೇರಿಸಬೇಕು.

ಅಮೆರಿಕದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘದವರು 1920ರ ದಶಕದಲ್ಲಿಯೇ ಈ ಅಪಾಯವನ್ನು ಮನಗಂಡು, ‘ಇನ್’ ಅನ್ನು ಕಿತ್ತುಹಾಕಿ ‘ಫ್ಲ್ಯಾಮಬಲ್’ ಎಂದಷ್ಟೇ ಬರೆಯಬೇಕೆಂದು ಒತ್ತಾಯಪಡಿಸಿದರು. ಬ್ರಿಟನ್ನಿನ ಸ್ಟ್ಯಾಂಡರ್ಡ್ಸ್ ಸಂಸ್ಥೆಯೂ 1959ರಲ್ಲಿ ಅದೇ ನೀತಿಯನ್ನು ಅನುಸರಿಸಿತು. ಹಳೆಯ ಶಬ್ದವೇ ಶುದ್ಧವೆಂದು ಹಟ ಹಿಡಿಯುವ ಪಂಡಿತರುಂಟು; ಈ ವಿಷಯದಲ್ಲಿ ಮಾತ್ರ ನಾವು ಪಂಡಿತರ ಕಡೆಯವರಲ್ಲ. ಎರಡು ರೂಪಗಳಲ್ಲಿ ಯಾವುದನ್ನೇ ಬಳಸಲಿ, ಉಚ್ಚಾರಣೆ ‘ಫ್ಲ್ಯಾಮ್’ ಎಂದೇ ಇರತಕ್ಕದ್ದು. ಜ್ವಾಲೆಗೆ ಹೇಳುವ ‘ಫ್ಲೇಮ್’ ಶಬ್ದವನ್ನು ನೆನೆದು ನಮ್ಮವರು ‘ಇನ್‌ಫ್ಲೇಮಬಲ್’ ಎನ್ನುವುದು ಸಾಧುವಲ್ಲ.

ನಾವು ಕಾಲೇಜಿನಲ್ಲಿ ಓದುತ್ತಿದ್ದ ದಿನಗಳಲ್ಲಿ ಒಬ್ಬ ಮಹನೀಯರಿಗೆ ಅರ್ಪಿಸಬೇಕಾಗಿದ್ದ ಇಂಗ್ಲಿಷ್ ಬಿನ್ನವತ್ತಳೆಯನ್ನು ರಚಿಸುವ ಭಾರವು ನಮ್ಮ ಪಾಲಿಗೆ ಬಂದಿತ್ತು. ಬರಿಯ ‘ಫೇಮಸ್’ ಸಾಲದೆಂದು ಬಗೆದು, ಹೊತ್ತಿಕೊಳ್ಳುವುದಕ್ಕೆ ‘ಇನ್’ ಬಲವನ್ನು ಕೊಡುವಂತೆ ಕೀರ್ತಿಗೂ ಕೊಡುವುದೆಂದು ನಂಬಿ, ‘ಇನ್‌ಫೇಮಸ್’ ಎಂದು ಬರೆದೆವು. ಅಪಖ್ಯಾತ, ನೀಚ ಎಂಬುದು ಅದರ ಅರ್ಥವೆಂದು ನಮ್ಮ ಉಪಾಧ್ಯಾಯರು ಸಭೆಗೆ ಒಂದು ಗಂಟೆ ಮುಂಚೆ ತಿಳಿಸಿ, ಅದನ್ನು ಹೊಡೆದುಹಾಕಿದರು. ಓದಿದ ಬಗೆಯೂ ತಪ್ಪೆಂದು ಆಗಲೇ ತಿಳಿಯಿತು. ‘ಇನ್’ ಸೇರಿದಾಗ ಒತ್ತು ಮೊದಲಿಗೆ ಸರಿದು, ನಡುವಣ ದೀರ್ಘವು ಕುಗ್ಗಿ ‘ಇನ್‌ಫಮಸ್’ ಆಗುತ್ತದೆ. ‘ಫೈನೈಟ್’ ಎಂಬುದು ‘ಇನ್‌ಫಿನಿಟ್’ ಆಗುವುದೂ ಹೀಗೆಯೇ. ಕನ್ನಡದಲ್ಲಿ ಉಪಸರ್ಗ ಸೇರಿದ ಮಾತ್ರಕ್ಕೆ ಶಬ್ದದ ದೀರ್ಘವು ಹ್ರಸ್ವವಾಗುವುದಿಲ್ಲವಾದ್ದರಿಂದ ಈ ಮರ್ಮವು ನಮಗೆ ಸುಲಭವಾಗಿ ಹೊಳೆಯದು. ಎಲ್ಲೆಡೆಯೂ ಹೀಗಾಗುವುದೆಂದು ಮಾತ್ರ ತಿಳಿಯಬಾರದು. ‘ಕರೆಕ್ಟ್’ ‘ಇನ್‌ಕರೆಕ್ಟ್’ ಆದಾಗ ಒತ್ತು ಇದ್ದಲ್ಲಿಯೇ ಇರುತ್ತದೆ.

ಸಂಧಿಯ ವಿಷಯದಲ್ಲಿ ನಮಗೆ ಅಷ್ಟು ಕಷ್ಟವಿಲ್ಲ. ತತ್ ಮತ್ತು ಲೀನ ಸೇರಿ ತಲ್ಲೀನವಾಗುವುದನ್ನು ಬಲ್ಲವರಿಗೆ, ಲಕಾರವು ಪರವಾದಾಗ ‘ಇನ್’ನ ನಕಾರವೂ ಲಕಾರವಾಗುವುದು ಆಶ್ಚರ್ಯವಲ್ಲ. ರೇಫವು ಪರವಾದರೆ ರೇಫ, ಪ ಬ ಮಗಳು ಪರವಾದರೆ ಮಕಾರ. ಬರೆಹದಲ್ಲಿ ‘ಇಲ್ಲೀಗಲ್’, ‘ಇಮ್ಮಾರಲ್’ ಎಂಬಂತೆ ದ್ವಿತ್ವ ಕಂಡರೂ ಇಂಗ್ಲಿಷರ ಬಾಯಲ್ಲಿ ಅದು ‘ಇಲೀಗಲ್’, ‘ಇಮಾರಲ್’. ನಾವು ಅಲ್ಲಿ ನಾಲಗೆಯನ್ನು ಒತ್ತಿ ನಿಲ್ಲಿಸುವುದರಿಂದಲೇ ನಮ್ಮ ನಾಡು ಗೊತ್ತಾಗಿಬಿಡುತ್ತದೆ.

ಇನ್ನು ‘ಇನ್‌ವ್ಯಾಲ್ಯುಬಲ್’. ಇಲ್ಲಿರುವುದು ನಿಷೇಧಾರ್ಥದ ‘ಇನ್’ನೇ; ಆದರೂ ಅರ್ಥವು ಬೆಲೆಯಿಲ್ಲದ್ದೆಂದಲ್ಲ, ಬೆಲೆ ಕಟ್ಟಲಾಗದ್ದೆಂದು. ಇದನ್ನು ಕಂಡು ನಗುವ ಮುನ್ನ ನಮ್ಮ ‘ಅಮೂಲ್ಯ’ವನ್ನೂ ‘ಅನರ್ಘ್ಯ’ವನ್ನೂ ನೆನೆಯಬೇಕು. ‘ಅನುತ್ತಮ’ವಂತೂ ಇನ್ನೂ ಮೋಸದ ಶಬ್ದ, ತನಗಿಂತ ಉತ್ತಮವಾದುದು ಇಲ್ಲದ್ದು ಎಂಬುದು ಅದರ ಅರ್ಥ. ಈಗ ಯಾರಾದರೂ ಒಬ್ಬರನ್ನು ಹಾಗೆಂದು ಹೊಗಳಿ ಬಿನ್ನವತ್ತಳೆಯನ್ನು ಓದಿದರೆ, ಸಭೆಯಲ್ಲಿ ಅರ್ಧ ಜನ ಮುಖಮುಖ ನೋಡಿಕೊಂಡಾರು.