ಸಮ್ಮೋಹನ: ಕಣ್ಣಿನಲ್ಲಿಲ್ಲದ ಶಕ್ತಿ

ವೀಕ್ಷಕರೇ, ಒಂದು ಕ್ಷಣ ಕಣ್ಣು ಮುಚ್ಚಿ. ಶ್ರೀನಿವಾಸಪುರದ ತೋಪಿನಲ್ಲಿ ಈಗಷ್ಟೇ ಕಿತ್ತ ಮಾವಿನಕಾಯಿಯನ್ನು ಹೋಳು ಮಾಡಿ, ಉಪ್ಪು, ಖಾರದಪುಡಿ ಸವರಿ ನಿಮ್ಮ ನಾಲಿಗೆಯ ಮೇಲಿಟ್ಟಿದ್ದೇನೆ. ಬಾಯಲ್ಲಿ ನೀರೂರಿತೆ? ಇಲ್ಲಿ ಮಾವಿನಕಾಯಿ ಇಲ್ಲ, ಇದ್ದದ್ದು ನನ್ನ ಮಾತು ಮಾತ್ರ. ಸಮ್ಮೋಹನ ಶುರುವಾಗುವುದು ಇಲ್ಲಿಂದಲೇ.

ಈಗ ಕೈ ಚಾಚಿ. ಅಂಗೈಯಲ್ಲಿ ಮಾಲೂರಿನ ಇಟ್ಟಿಗೆಯೊಂದಿದೆ, ಅದು ಭಾರವಾಗುತ್ತಿದೆ ಎಂದು ಒಬ್ಬರು ನಿಧಾನವಾಗಿ ಹೇಳುತ್ತಾ ಹೋದರೆ ಹಲವರ ಕೈ ಕೆಳಗಿಳಿಯುತ್ತದೆ. "ನಾನು ಇಳಿಸಲಿಲ್ಲ, ಅದೇ ಇಳಿಯಿತು" ಎನ್ನುತ್ತಾರೆ. 1959ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈಟ್ಸೆನ್‌ಹಾಫರ್ ಮತ್ತು ಹಿಲ್‌ಗಾರ್ಡ್ ಇಂಥ ಪರೀಕ್ಷೆಗಳನ್ನು ಜೋಡಿಸಿ ಒಂದು ಅಳತೆಗೋಲು ಸಿದ್ಧಪಡಿಸಿದರು. ನೂರರಲ್ಲಿ ಹತ್ತು ಹದಿನೈದು ಮಂದಿ ಸೂಚನೆಗೆ ಬಹು ಸುಲಭವಾಗಿ ಒಳಗಾಗುತ್ತಾರೆ. ಹೆಚ್ಚುಕಡಿಮೆ ಅಷ್ಟೇ ಮಂದಿ ಒಳಗಾಗುವುದೇ ಇಲ್ಲ. ಅಂದರೆ ವ್ಯತ್ಯಾಸ ಕೇಳುವವರಲ್ಲಿದೆ, ಹೇಳುವವನ ಕಣ್ಣಿನಲ್ಲಲ್ಲ. ಇದು ನಿದ್ರೆಯೂ ಅಲ್ಲ. ಗ್ರೀಕಿನ ನಿದ್ರೆಯ ಪದದಿಂದ 'ಹಿಪ್ನಾಟಿಸಂ' ಎಂಬ ಹೆಸರನ್ನು ಬಳಕೆಗೆ ತಂದ ಜೇಮ್ಸ್ ಬ್ರೇಡ್, ಮುಂದೆ ತಾನೇ ಅದನ್ನು ಬದಲಾಯಿಸಲು ಹೊರಟ. ಅಷ್ಟರಲ್ಲಿ ಹೆಸರು ಅಂಟಿಬಿಟ್ಟಿತ್ತು!

ಇದರ ಉಪಯೋಗ ಸುಳ್ಳಲ್ಲ. ಈಥರ್ ಬರುವ ಮುನ್ನವೇ, 1845ರಲ್ಲಿ, ಬಂಗಾಳದ ಹೂಗ್ಲಿಯಲ್ಲಿ ಎಸ್ಡೇಲ್ ಎಂಬ ಶಸ್ತ್ರವೈದ್ಯ ರೋಗಿಗಳನ್ನು ಇಂಥ ಮಂಪರಿಗೆ ಒಯ್ದು ದೊಡ್ಡ ಗಡ್ಡೆಗಳನ್ನೇ ತೆಗೆದ. ನೋವು ತಗ್ಗಿಸಲು ಇಂದಿಗೂ ಇದನ್ನು ಬಳಸುತ್ತಾರೆ.

ಆದರೆ ನಮ್ಮ ಕಡೆ ಸಮ್ಮೋಹನ ಎಂದೊಡನೆ ನೆನಪಾಗುವುದು ಕಳ್ಳತನ. ನಾನು ಕೋಲಾರದಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ, ಮುಳಬಾಗಿಲಿನ ನಮ್ಮ ಸೋದರತ್ತೆ ಒಡವೆಗೆ ಮೆರುಗು ಕೊಡುವೆನೆಂದು ಬಂದವನ ಕೈಗೆ ಎರಡು ಬಳೆ ಬಿಚ್ಚಿಕೊಟ್ಟರು. ಬಳೆಯೂ ಹೋಯಿತು, ಅವನೂ ಹೋದ. "ಕಣ್ಣಲ್ಲಿ ಕಣ್ಣಿಟ್ಟು ನೋಡಿದ, ಆಮೇಲೆ ನನಗೆ ಜ್ಞಾನವೇ ಇಲ್ಲ" ಎಂದರು. ನಾನು ಎಲ್ಲರೆದುರು, "ಅತ್ತೆ, ಅದು ವಶೀಕರಣ ಅಲ್ಲ, ಬರೀ ಮೋಸ" ಎಂದೆ. ಅವರು ಒಂದು ವರ್ಷ ನನ್ನೊಡನೆ ಮಾತಾಡಲಿಲ್ಲ. ವಶೀಕರಣವಾದರೆ ತಪ್ಪು ಅವನದು. ನನ್ನ ವಿಜ್ಞಾನ ಅದನ್ನು ಅತ್ತೆಯ ತಲೆಗೆ ಕಟ್ಟಿತ್ತು.

1965ರಲ್ಲಿ ಆರ್ನ್ ಮತ್ತು ಇವಾನ್ಸ್ ನಡೆಸಿದ ಪ್ರಯೋಗವನ್ನು ನಾನು ಓದಿದ್ದು ಆಮೇಲೆ. ಆಸಿಡ್ ಎಂದು ತೋರಿಸಿದ ದ್ರವವನ್ನು ಒಬ್ಬರ ಮುಖಕ್ಕೆ ಎರಚಲು ಸಮ್ಮೋಹಿತರಿಗೆ ಹೇಳಿದರು. ಬಹುತೇಕರು ಎರಚಿದರು. ಆಸಿಡನ್ನು ಗುಟ್ಟಾಗಿ ಬದಲಿಸಿಟ್ಟಿದ್ದರು, ಅದು ಬೇರೆ ಮಾತು. ಆದರೆ ಸಮ್ಮೋಹನವಾದಂತೆ ಬರೀ ನಟಿಸಿದವರೂ ಎರಚಿದರು! ಇಲ್ಲಿ ಕೇಡಾಗಲು ಬಿಡಲಾರರು ಎಂಬ ನಂಬಿಕೆಯೇ ಸಾಕಾಗಿತ್ತು. ಅತ್ತೆಯ ಮನೆಗೆ ಬಂದವನು ಮೊದಲು ಹಿತ್ತಾಳೆ ದೀಪವನ್ನು ಫಳಫಳ ಬೆಳಗಿಸಿ ತೋರಿಸಿದ್ದ. "ಅಕ್ಕಾ" ಎಂದು ಕರೆದು ನೀರು ಕೇಳಿದ್ದ. ನಂಬಿಸಲು ಅವನಿಗೆ ಬೇರೆ ಯಾವ ವಿದ್ಯೆ ಬೇಕಿತ್ತು?

ಮರೆತದ್ದನ್ನು ಸಮ್ಮೋಹನದಿಂದ ಹೊರತೆಗೆಯಬಹುದೆಂಬುದೂ ಅಪಾಯದ ನಂಬಿಕೆ. ಆ ಸ್ಥಿತಿಯಲ್ಲಿ ನೆನಪಿನೊಡನೆ ಕಲ್ಪನೆ ಬೆರೆಯುತ್ತದೆ, ಜೊತೆಗೆ "ಹೀಗೇ ಆಯಿತು" ಎಂಬ ಧೈರ್ಯವೂ ಹೆಚ್ಚುತ್ತದೆ. ಔಷಧಿ ಚುಚ್ಚಿ ಮಾಡುವ ಮಂಪರು ಪರೀಕ್ಷೆಯಲ್ಲೂ ಇದೇ ತೊಡಕು. 2010ರಲ್ಲಿ ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಯಾರಿಗೂ ಆ ಪರೀಕ್ಷೆ ಮಾಡಕೂಡದೆಂದಿತು.

ಅತ್ತೆ ಈಗ ಮಾತಾಡುತ್ತಾರೆ. ಬಳೆಯ ಕಥೆಯನ್ನೂ ಹೇಳುತ್ತಾರೆ. ಒಂದೊಂದು ಸಲ ಹೇಳಿದಾಗಲೂ ಆ ಮನುಷ್ಯನ ಕಣ್ಣು ದೊಡ್ಡದಾಗುತ್ತಾ ಬಂದಿದೆ. ಹೋದ ಯುಗಾದಿಗೆ ಹಸಿರು ಬಣ್ಣಕ್ಕೂ ತಿರುಗಿತು. ನಾನು ತಿದ್ದಲು ಹೋಗಲಿಲ್ಲ.