ಸಂತಾನ ನಿಯಂತ್ರಣದ ಗುಳಿಗೆ: ತಿಳಿದಿರಬೇಕಾದ ನಾಲ್ಕು ಮಾತು
(ಸಂಘದ ಆರೋಗ್ಯ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಕಾರ್ಯಕರ್ತರು ನನಗೆ ಒಪ್ಪಿಸಿದ ವಿಷಯ ಸ್ವಲ್ಪ ಸಂಕೋಚದ್ದು. ಗಂಡಸರೇ ಹೆಚ್ಚಾಗಿ ಕೂಡಿರುವ ಸಭೆಯಲ್ಲಿ ಹೆಂಗಸರ ಗುಳಿಗೆಯ ಮಾತೇಕೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಗುಳಿಗೆ ನುಂಗುವವಳು ಊರಿನಲ್ಲಿ, ರಜೆಯ ಮೇಲೆ ಊರಿಗೆ ಹೋಗುವವರು ತಾವು. ಕಾಲು ನೋಯುತ್ತಿದೆಯೆಂದು ಆಕೆ ಫೋನಿನಲ್ಲಿ ಹೇಳುವುದೂ ತಮಗೇ. ಆದುದರಿಂದ ಇದು ತಾವು ಕೇಳಲೇಬೇಕಾದ ಮಾತು.

ಹೋಟೆಲಿನಲ್ಲಿ ದುಡಿಯುವವರಿಗೆ ಹೆಪ್ಪು ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಾಲು ಗಟ್ಟಿಯಾಗುವ ಹಾಗೆ ರಕ್ತವೂ ಗಟ್ಟಿಯಾಗುವುದುಂಟು. ಕೈ ಕೊಯ್ದುಕೊಂಡಾಗ ಅದು ನಮ್ಮ ಪ್ರಾಣ ಕಾಯುವ ಗುಣ. ಆದರೆ ಗಾಯವೇ ಇಲ್ಲದೆ ಕಾಲಿನ ಒಳನರದಲ್ಲಿ ರಕ್ತ ಹೆಪ್ಪುಗಟ್ಟಿದರೆ ಅದೇ ಗುಣ ಶತ್ರುವಾಗುತ್ತದೆ. ಆ ಹೆಪ್ಪಿನ ತುಣುಕು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಪ್ರಾಣವೇ ಹೋಗಬಹುದು.

ಗುಳಿಗೆಗೂ ಇದಕ್ಕೂ ಏನು ಸಂಬಂಧ? ಸಾಮಾನ್ಯ ಗುಳಿಗೆಯಲ್ಲಿ ಎರಡು ಹಾರ್ಮೋನುಗಳಿವೆ. ಅವುಗಳಲ್ಲಿ ಒಂದಾದ ಈಸ್ಟ್ರೋಜನ್, ರಕ್ತವನ್ನು ಹೆಪ್ಪುಗಟ್ಟಿಸುವ ಪದಾರ್ಥಗಳನ್ನು ಯಕೃತ್ತು ಹೆಚ್ಚಾಗಿ ತಯಾರಿಸುವಂತೆ ಮಾಡುತ್ತದೆ. ಹೆಪ್ಪನ್ನು ತಡೆಯುವ ಪದಾರ್ಥಗಳನ್ನು ಕಡಿಮೆ ಮಾಡುತ್ತದೆ.

ಅಮೆರಿಕದಲ್ಲಿ 1960ರಲ್ಲಿ ಮೊದಲ ಗುಳಿಗೆಗೆ ಸರಕಾರದ ಒಪ್ಪಿಗೆ ದೊರೆಯಿತು. ಅದರಲ್ಲಿ 150 ಮೈಕ್ರೋಗ್ರಾಂ ಈಸ್ಟ್ರೋಜನ್ ಇತ್ತು. ಮರುವರ್ಷವೇ, ಆ ಗುಳಿಗೆ ತೆಗೆದುಕೊಳ್ಳುತ್ತಿದ್ದ ದಾದಿಯೊಬ್ಬಳ ಶ್ವಾಸಕೋಶದಲ್ಲಿ ಹೆಪ್ಪು ಸಿಕ್ಕಿಕೊಂಡ ಸಂಗತಿಯನ್ನು ಇಂಗ್ಲೆಂಡಿನ ವೈದ್ಯರೊಬ್ಬರು ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆದು ತಿಳಿಸಿದರು. 1968ರಲ್ಲಿ ಬ್ರಿಟನ್ನಿನ ಸಂಶೋಧಕರು ಸಂಬಂಧವನ್ನು ಅಂಕಿಗಳಿಂದಲೇ ತೋರಿಸಿದರು. 50 ಮೈಕ್ರೋಗ್ರಾಮಿಗಿಂತ ಹೆಚ್ಚು ಬೇಡವೆಂದು 1969ರಲ್ಲಿ ಅಲ್ಲಿನ ಔಷಧ ಸುರಕ್ಷತಾ ಸಮಿತಿ ಹೇಳಿತು. ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆಯಾಗಿ ಸಿಗುವ ಮಾಲಾ-ಎನ್ ಗುಳಿಗೆಯಲ್ಲಿ ಇರುವುದು 30 ಮೈಕ್ರೋಗ್ರಾಂ ಮಾತ್ರ.

ಹಾಗಾದರೆ ಈಗ ಅಪಾಯವೆಷ್ಟು? ಯುರೋಪಿನ ಔಷಧ ಸಂಸ್ಥೆ 2013ರಲ್ಲಿ ಹೀಗೆ ಲೆಕ್ಕ ಕೊಟ್ಟಿತು: ಗುಳಿಗೆ ತೆಗೆದುಕೊಳ್ಳದ, ಗರ್ಭಿಣಿಯೂ ಅಲ್ಲದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ ಹೆಪ್ಪು ಕಾಣಿಸುತ್ತದೆ. ಮಾಲಾ-ಎನ್‌ನಲ್ಲಿರುವಂತೆ ಲೆವೊನಾರ್ಜೆಸ್ಟ್ರೆಲ್ ಕೂಡಿದ ಗುಳಿಗೆಯಾದರೆ 5ರಿಂದ 7 ಮಂದಿಗೆ. ಡೆಸೊಜೆಸ್ಟ್ರೆಲ್ ಅಥವಾ ಡ್ರೊಸ್ಪಿರಿನೋನ್ ಕೂಡಿದ ಗುಳಿಗೆಯಾದರೆ 9ರಿಂದ 12 ಮಂದಿಗೆ. ಬೆಲೆ ಹೆಚ್ಚಾದ ಗುಳಿಗೆಯೇ ಮೇಲೆಂದು ತಿಳಿಯಕೂಡದು. ಹಾಗೆಂದು ಹೆದರಿ ಗುಳಿಗೆಯನ್ನು ತಿಪ್ಪೆಗೆ ಎಸೆಯಲೂ ಕೂಡದು; ಬಸಿರಿನಲ್ಲಿ, ಅದಕ್ಕಿಂತಲೂ ಬಾಣಂತನದಲ್ಲಿ, ಹೆಪ್ಪಿನ ಭಯ ಇದಕ್ಕಿಂತ ಹೆಚ್ಚು.

ಇನ್ನು ನಮ್ಮವರಿಗೇ ಸಂಬಂಧಿಸಿದ ಮಾತು. ಯಜಮಾನರು ವರ್ಷಕ್ಕೆ ಒಂದೆರಡು ಸಲ ರಜೆಯ ಮೇಲೆ ಊರಿಗೆ ಬರುತ್ತಾರೆ. ಆಗ ಮಾತ್ರ ಗುಳಿಗೆ, ಅವರು ಹೊರಟ ಮೇಲೆ ನಿಲ್ಲಿಸಿಬಿಡುವುದು. ಇದರಲ್ಲಿ ಎರಡು ತೊಂದರೆಗಳಿವೆ. ಹೆಪ್ಪಿನ ಅಪಾಯ ಆರಂಭದ ತಿಂಗಳುಗಳಲ್ಲೇ ಹೆಚ್ಚು. ನಾಲ್ಕು ವಾರ ಬಿಟ್ಟು ಮತ್ತೆ ಶುರುಮಾಡಿದರೆ ಅದು ಪುನಃ ಏರುತ್ತದೆ. ಎರಡನೆಯದಾಗಿ, ಮುಟ್ಟಿನ ಮೊದಲ ಐದು ದಿನಗಳೊಳಗೆ ಆರಂಭಿಸದಿದ್ದರೆ ಮೊದಲ ಏಳು ದಿನ ಗುಳಿಗೆಯೊಂದನ್ನೇ ನಂಬುವಂತಿಲ್ಲ. ಹದಿನೈದು ದಿನದ ರಜೆಗೆ ಬಂದವರು ನಿರೋಧ್ ಬಳಸಿದರೆ ಆಕೆಗೆ ಯಾವ ಗುಳಿಗೆಯೂ ಬೇಡ.

ಹಬ್ಬ, ಮದುವೆ, ಪೂಜೆಗಳೆಂದು ಮುಟ್ಟನ್ನು ಮುಂದೂಡಲು ಮೆಡಿಕಲ್ ಷಾಪಿನಿಂದ ನೊರೆಥಿಸ್ಟರೋನ್ ಮಾತ್ರೆ ತಂದು ನುಂಗುವ ರೂಢಿಯೂ ನಮ್ಮಲ್ಲಿದೆ. ಸಾಮಾನ್ಯವಾಗಿ 5 ಮಿಲಿಗ್ರಾಮಿನ ಮಾತ್ರೆ, ದಿನಕ್ಕೆ ಮೂರು. ಅಷ್ಟು ಪ್ರಮಾಣದಲ್ಲಿ ಅದರ ಒಂದಂಶ ದೇಹದೊಳಗೆ ಈಸ್ಟ್ರೋಜನ್ ಆಗಿ ಮಾರ್ಪಡುತ್ತದೆ. ಅದನ್ನೂ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಯಾರಿಗೆ ಈ ಗುಳಿಗೆ ಸಲ್ಲದು? ಹಿಂದೆ ಹೆಪ್ಪುಗಟ್ಟಿದವರಿಗೆ, ಬಿ.ಪಿ. ಅಥವಾ ಹೃದಯದ ಕಾಯಿಲೆ ಇದ್ದವರಿಗೆ. ಕಣ್ಣಿಗೆ ಮಿಂಚು ಹೊಡೆದಂತಾಗಿ ಅರೆತಲೆನೋವು ಬರುವವರಿಗೆ. 35 ದಾಟಿ ಬೀಡಿ, ಸಿಗರೇಟು ಸೇದುವವರಿಗೆ. ಹೆರಿಗೆಯಾದ ಮೊದಲ ಆರು ವಾರ. ಮೊಲೆಯುಣಿಸುವವರಿಗೆ ಆರು ತಿಂಗಳು. ದೊಡ್ಡ ಆಪರೇಷನ್ ಆಗಿ ಮಲಗಿರಬೇಕಾದವರೂ ನಿಲ್ಲಿಸಬೇಕು. ತಾಯಿಗೋ ಅಕ್ಕತಂಗಿಯರಿಗೋ ಹೆಪ್ಪುಗಟ್ಟಿದ್ದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಅಪಾಯದ ಗುರುತುಗಳನ್ನು ದಯವಿಟ್ಟು ನೆನಪಿಡಿರಿ. ಒಂದೇ ಕಾಲು ಬಾತುಕೊಳ್ಳುವುದು. ಮೀನಖಂಡದಲ್ಲಿ ನೋವು, ಬಿಸಿ, ಕೆಂಪು. ಇದ್ದಕ್ಕಿದ್ದಂತೆ ಏದುಸಿರು, ಎದೆನೋವು, ಕೆಮ್ಮಿದರೆ ರಕ್ತ. ಹಿಂದೆಂದೂ ಬಾರದಂಥ ತಲೆನೋವು, ಕಣ್ಣು ಮಂಜಾಗುವುದು, ಮಾತು ತೊದಲುವುದು, ಒಂದು ಕೈಯೋ ಕಾಲೋ ಸೋಲುವುದು. ಇವುಗಳಲ್ಲಿ ಒಂದು ಕಂಡರೂ ಗುಳಿಗೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. ನಾಳೆ ನೋಡೋಣ ಎನ್ನಬಾರದು. ಉಳುಕೆಂದು ತಿಳಿದು ಎಣ್ಣೆ ಹಚ್ಚಿ ಕಾಲು ತಿಕ್ಕಲೇಬಾರದು. ಗುಳಿಗೆ ತೆಗೆದುಕೊಳ್ಳುತ್ತಿರುವ ಸಂಗತಿಯನ್ನು ಡಾಕ್ಟರರಿಗೆ ಹೇಳಲು ನಾಚಬಾರದು. ಆ ಒಂದು ಮಾತಿನಿಂದ ರೋಗ ಬೇಗ ಪತ್ತೆಯಾಗುತ್ತದೆ. ರಕ್ತ ತಿಳಿಯಾಗಿಸುವ ಔಷಧವುಂಟು. ಬೇಗ ಕೊಟ್ಟರೆ ಬಹುಮಂದಿ ಉಳಿಯುತ್ತಾರೆ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಪ್ರಯಾಣ ಮಾಡುವಾಗ ನಡುನಡುವೆ ಇಳಿದು ನಡೆದಾಡುವುದೂ ಒಳ್ಳೆಯದು.

ಕೊನೆಯದಾಗಿ, ಸೋದರರೇ, ಭಾರವೆಲ್ಲವನ್ನೂ ಹೆಂಗಸಿನ ಮೇಲೆ ಹೊರಿಸುವುದು ನ್ಯಾಯವಲ್ಲ. ತಾಮ್ರದ ಕಾಪರ್-ಟಿಯಿಂದ ಈ ಹೆಪ್ಪಿನ ಭಯವಿಲ್ಲ. ಮಕ್ಕಳು ಸಾಕೆನಿಸಿದವರಿಗೆ ಗಂಡಸರ ಆಪರೇಷನ್ ಹೆಂಗಸರದಕ್ಕಿಂತ ಸುಲಭ. ಆಸ್ಪತ್ರೆಯಲ್ಲಿ ಮಲಗಬೇಕಾಗಿಲ್ಲ, ದುಡಿಯುವ ಶಕ್ತಿಯೂ ಕುಂದುವುದಿಲ್ಲ. ಇಂದು ರಾತ್ರಿ ಕೆಲಸ ಮುಗಿದ ಮೇಲೆ ಮನೆಗೆ ಫೋನು ಮಾಡಿರಿ. ಯಾವ ಗುಳಿಗೆ ತೆಗೆದುಕೊಳ್ಳುತ್ತಿದ್ದೀಯೆ, ಬಿ.ಪಿ. ನೋಡಿಸಿದ್ದೀಯಾ ಎಂದು ಕೇಳಿರಿ. ಆಶಾ ಕಾರ್ಯಕರ್ತೆಯ ಬಳಿ ಹೋಗಿ ಎಲ್ಲವನ್ನೂ ಬಿಚ್ಚಿ ಹೇಳೆಂದು ತಿಳಿಸಿರಿ. ಇಷ್ಟು ಮಾಡಿದರೆ ನನ್ನ ಮಾತು ಸಾರ್ಥಕವಾಯಿತೆಂದು ತಿಳಿಯುತ್ತೇನೆ.