ಕೂಸಿನ ಬಟ್ಟಲಿಗೆ ಎಂಥ ಮೊಸರು?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ತಾಯಂದಿರ ಸಭೆಯಲ್ಲಿ ಊರಿನ ಅಂಗನವಾಡಿ ಹಾಗೂ ಆಶಾ ಕಾರ್ಯಕರ್ತೆಯರ ಪರವಾಗಿ ಮಾಡಿದ ಭಾಷಣ)

ದಿನಾ ಎರಡು ಹೊತ್ತು ಕ್ಯಾನು ಹಿಡಿದು ಡೈರಿ ಮುಂದೆ ಸಾಲು ನಿಲ್ಲುವ ಅಕ್ಕಂದಿರೇ, ಅಣ್ಣಂದಿರೇ,

ನಮ್ಮ ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಸುದಿನದಲ್ಲಿ ಹಾಲಿನ ಲೆಕ್ಕ ಹೇಳುವವರು ಬಹಳ ಮಂದಿ ಇದ್ದಾರೆ. ನಾವು ನಿಂತಿರುವುದು ಒಂದು ಚಮಚ ಮೊಸರಿನ ವಿಚಾರ ಹೇಳಲಿಕ್ಕೆ. ನಗಬೇಡಿ. ಹಾಲು ಹರಿಯುವ ಮನೆಯಲ್ಲೇ ಕೂಸು ಬಿಳಿಚಿಕೊಂಡದ್ದನ್ನು ಕಂಡವರು ನಾವು.

ಅದು ನಮ್ಮಲ್ಲೊಬ್ಬರ ಚೊಚ್ಚಲ ಮಗನ ಕಥೆ. ಏಳನೇ ತಿಂಗಳಿಂದಲೇ ಬೆಳಿಗ್ಗೆ ಹಾಲು, ಮಧ್ಯಾಹ್ನ ಹಾಲನ್ನ, ರಾತ್ರಿ ಮತ್ತೆ ಹಾಲು. ಮಗು ದುಂಡಗಿತ್ತು, ಬಂದವರೆಲ್ಲ ದೃಷ್ಟಿ ತೆಗೆಯುವವರೇ. ವರ್ಷ ತುಂಬುವ ಹೊತ್ತಿಗೆ ಅಂಗೈ ಬಿಳಿ, ಆಟದಲ್ಲಿ ಸುಸ್ತು. ಪರೀಕ್ಷೆ ಮಾಡಿಸಿದರೆ ರಕ್ತಹೀನತೆ! ಹಸುವಿನ ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ಎಳೆಗೂಸಿನ ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತ ಸೋರುವಂತೆಯೂ ಅದು ಮಾಡಬಲ್ಲದು. ಹನಿ ಔಷಧಿಯನ್ನು ತಿಂಗಳುಗಟ್ಟಲೆ ಹಾಕಿದ ಮೇಲೆ ಮಗು ಚೇತರಿಸಿಕೊಂಡಿತು. ಊರಿಗೆಲ್ಲ ಪಾಠ ಹೇಳುವವರ ಮನೆಯಲ್ಲೇ ಹೀಗಾಯಿತಲ್ಲ ಎಂದು ಆಗ ಯಾರಿಗೂ ಹೇಳಿರಲಿಲ್ಲ. ಇವತ್ತು ಹೇಳಿಬಿಟ್ಟೆವು.

ಆರು ತಿಂಗಳವರೆಗೆ ತಾಯಿಹಾಲು ಮಾತ್ರ. ಆಮೇಲೆ ತಾಯಿಹಾಲಿನ ಜೊತೆಗೆ ರಾಗಿ ಸರಿ, ಕಿವುಚಿದ ಅನ್ನ-ಬೇಳೆ, ಸೊಪ್ಪು, ತಿನ್ನುವ ಮನೆಗಳಲ್ಲಿ ಮೊಟ್ಟೆ. ಇವುಗಳ ಪಕ್ಕದಲ್ಲಿ ಮೊಸರಿಗೂ ಜಾಗವಿದೆ. ಲೋಟದಲ್ಲಿ ಕುಡಿಸುವ ಹಸುವಿನ ಹಾಲಿಗೆ ಮಾತ್ರ ವರ್ಷ ತುಂಬಲಿ. ಹಾಲು ಬೇಡ, ಮೊಸರು ಆಗುತ್ತದಾ ಅಂತೀರಿ. ಹೆಪ್ಪಾಗುವಾಗ ಹಾಲಿನ ಸಕ್ಕರೆ ಸ್ವಲ್ಪ ಹುಳಿಯಾಗಿ ಮಾರ್ಪಟ್ಟು ಅರಗುವುದು ಹಗುರವಾಗುತ್ತದೆ. ಅದಕ್ಕಿಂತ ಮುಖ್ಯ, ಮೊಸರು ಚಮಚದ ಲೆಕ್ಕದಲ್ಲಿ ಹೋಗುತ್ತದೆ. ಹಾಲು ಲೋಟದ ಲೆಕ್ಕದಲ್ಲಿ ಹೋಗಿ ಬೇರೆ ಊಟಕ್ಕೆ ಹೊಟ್ಟೆಯಲ್ಲಿ ಜಾಗವನ್ನೇ ಬಿಡುವುದಿಲ್ಲ. ಹಾಗಂತ ಪ್ರತಿ ತುತ್ತಿಗೂ ಮೊಸರು ಕಲಸಬೇಡಿ. ಅದರ ಸುಣ್ಣದ ಅಂಶ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಸೊಪ್ಪು-ಬೇಳೆಯ ಹೊತ್ತಿಗೆ ನಾಲ್ಕು ಹನಿ ನಿಂಬೆರಸ ಸಾಕು.

ಇನ್ನು ಎಂಥ ಮೊಸರು? ಕೆನೆ ತೆಗೆಯದ ಹಾಲಿನದು. ಫ್ಯಾಟು ಬಂದರೆ ರೇಟು ಅಂತ ಗಟ್ಟಿ ಹಾಲು ಡೈರಿಗೆ, ಮನೆಯಲ್ಲಿ ಉಳಿದದ್ದರ ಕೆನೆ ಬೆಣ್ಣೆಗೆ, ಕೊನೆಗೆ ನೀರು ಮೊಸರು ಕೂಸಿಗೆ. ಇದು ನಮ್ಮೂರಲ್ಲೇ ನಡೆಯುತ್ತಿದೆ, ಯಾರ ಮನೆ ಅಂತ ಹೇಳುವುದಿಲ್ಲ. ಎರಡು ವರ್ಷದವರೆಗೆ ಕೂಸಿಗೆ ಆ ಜಿಡ್ಡು ಬೇಕೇ ಬೇಕು. ಅಧ್ಯಕ್ಷರ ಎದುರಿಗೇ ಹೇಳುತ್ತೇವೆ, ಕೂಸಿರುವ ಮನೆಯವರು ಅರ್ಧ ಲೀಟರ್ ಕಡಿಮೆ ಅಳೆಯಿರಿ, ಸಂಘವೇನೂ ಮುಳುಗುವುದಿಲ್ಲ.

ಹಾಲು ಚೆನ್ನಾಗಿ ಉಕ್ಕಿ ಕಾಯಲಿ. ಕಂದು ಹಾಕುವ ರೋಗವಿರುವ ಹಸುವಿನ ಹಸಿ ಹಾಲಿನಿಂದ ಬ್ರುಸೆಲ್ಲಾ ಜ್ವರ ಮನುಷ್ಯರಿಗೂ ಬರುತ್ತದೆ. ಕೆಚ್ಚಲು ಬಾವಿಗೆ ಇಂಜೆಕ್ಷನ್ ಹಾಕಿಸಿದ ಹಸುವಿನ ಹಾಲು, ಡಾಕ್ಟರು ಹೇಳಿದಷ್ಟು ದಿನ, ಕೂಸಿಗೂ ಬೇಡ ಡೈರಿಗೂ ಬೇಡ. ಅಂಥ ಹಾಲು ಕೆಲವು ಸಲ ಹೆಪ್ಪೇ ಆಗುವುದಿಲ್ಲ, ನೀವೇ ಕಂಡಿದ್ದೀರಿ; ಔಷಧಿ ಹೆಪ್ಪಿನ ಜೀವಾಣುವನ್ನೂ ಬಿಟ್ಟಿರುವುದಿಲ್ಲ.

ಅಂಗಡಿಯದಾದರೆ ಸಪ್ಪೆ ಮೊಸರಿನ ಪ್ಯಾಕೆಟ್ಟು, ತಾರೀಕು ನೋಡಿ ತನ್ನಿ. ಹಣ್ಣಿನ ಚಿತ್ರದ ಬಣ್ಣದ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಸಕ್ಕರೆ ಸೇರಿರುತ್ತದೆ. ಮನೆಯಲ್ಲೂ ಸಕ್ಕರೆ, ಉಪ್ಪು ಬೆರೆಸಬೇಡಿ. ಜೇನುತುಪ್ಪವಂತೂ ವರ್ಷ ತುಂಬುವ ತನಕ ನಾಲಿಗೆಗೆ ತಾಕಿಸಲೇಬಾರದು, ಅದರಿಂದ ಬರುವ ಬಾಟುಲಿಸಂ ಎಂಬ ಕಾಯಿಲೆ ಪ್ರಾಣಕ್ಕೇ ಕುತ್ತು. ಕಿವುಚಿದ ಬಾಳೆಹಣ್ಣು ಸಾಕಷ್ಟು ಸಿಹಿ.

ಮೊದಲ ದಿನ ಹಗಲಿನಲ್ಲೇ ಒಂದು ಚಮಚ. ಮೈಮೇಲೆ ದದ್ದು, ವಾಂತಿ ಕಂಡರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ತುಟಿ, ಮುಖ ಊದಿಕೊಂಡರೆ, ಉಸಿರಾಟ ಕಷ್ಟವಾದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೊರಡಿ. ಮೊಸರು ಕೊಟ್ಟರೆ ಶೀತ ಅನ್ನುವ ಅಜ್ಜಿಯರೂ ಇಲ್ಲಿ ಕೂತಿದ್ದಾರೆ. ಅವ್ವಾ, ನೆಗಡಿ ಬರುವುದು ಒಬ್ಬರಿಂದೊಬ್ಬರಿಗೆ, ಮೊಸರಿನಿಂದಲ್ಲ. ಫ್ರಿಜ್ಜಿನಿಂದ ತೆಗೆದದ್ದಾದರೆ ತಣುಪು ಬಿಡುವವರೆಗೆ ಇಟ್ಟು ಕೊಡಿ.

ಬರುವ ತೂಕದ ದಿನ ಕೂಸನ್ನು ಅಂಗನವಾಡಿಗೆ ಎತ್ತಿಕೊಂಡು ಬನ್ನಿ. ಮನೆಯ ಮೊಸರನ್ನೂ ಒಂದು ಬಟ್ಟಲಲ್ಲಿ ತನ್ನಿ, ಕೆನೆ ಇದೆಯೋ ಇಲ್ಲವೋ ಅಲ್ಲೇ ನೋಡೋಣ.